ಕೆರೆಯಲ್ಲಿ ಮೀನಿನ ಬೆಳೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಗಳಲ್ಲಿ ಕೆರೆಯುಳ್ಳ ಊರಿನ ಹಿರಿಯರನ್ನು ಮಾತನಾಡಿಸಿದರೆ ಒಂದು ದೂರು ತಪ್ಪದೆ ಕೇಳಬರುತ್ತದೆ. ಹಿಂದೆ ಕೆರೆಯಲ್ಲಿ ಮೊಳದುದ್ದದ ಮೀನುಗಳಿದ್ದುವು, ಈಗ ಬೆರಳುದ್ದದವು ಮಾತ್ರ ಬಲೆಗೆ ಬೀಳುತ್ತವೆ, ಕೆರೆ ಬಂಜೆಯಾಯಿತು ಎಂಬುದೇ ಆ ದೂರು. ಕೆಲವರು ಇದನ್ನು ದೈವದ ಮೇಲೆ ಹಾಕುತ್ತಾರೆ, ಕೆಲವರು ಅಂಬಿಗರ ಬಲೆಯ ಮೇಲೆ ಹಾಕುತ್ತಾರೆ. ಎರಡೂ ಸರಿಯಲ್ಲ. ಬೀಜವಿಕ್ಕದ ಹೊಲದಲ್ಲಿ ಜೋಳ ಬರಲಿಲ್ಲವೆಂದು ಹೊಲವನ್ನು ದೂರುವ ಒಕ್ಕಲಿಗನು ಈ ಸೀಮೆಯಲ್ಲಿ ಒಬ್ಬನೂ ಇರಲಾರನು. ಕೆರೆಯ ವಿಷಯದಲ್ಲಿ ಮಾತ್ರ ಬಿತ್ತದೆ ಕೊಯ್ಯುವ ಆಸೆ ಊರೂರಿನಲ್ಲಿಯೂ ಉಂಟು.

ಇದರ ಕಾರಣವು ಮೀನಿನ ಸ್ವಭಾವದಲ್ಲಿಯೇ ಇದೆ. ಕಾಟ್ಲಾ, ರೋಹು, ಮೃಗಾಲ್ ಎಂಬ ದೊಡ್ಡ ಗೆಂಡೆ ಜಾತಿಗಳು ನಿಂತ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತವೆ, ಆದರೆ ನಿಂತ ನೀರಿನಲ್ಲಿ ಮರಿಹಾಕುವುದಿಲ್ಲ. ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆ ಬಲಿಯುವುದು ನಿಜ. ಕಿಲೋಗ್ರಾಂ ತೂಕದ ಹೆಣ್ಣಿನಲ್ಲಿ ಲಕ್ಷಕ್ಕೆ ಮೇಲ್ಪಟ್ಟು ಮೊಟ್ಟೆಗಳಿರುವುದುಂಟು. ಆದರೆ ಮುಂಗಾರಿನ ಹೊಸ ನೀರು, ಹರಿಯುವ ಸೆಳವು, ದಂಡೆ ಮುಳುಗಿ ಹರಡಿಕೊಂಡ ತೆಳುನೀರು, ಇಷ್ಟೂ ಕೂಡಿಬಂದ ಹೊರತು ಅವು ಮೊಟ್ಟೆಯನ್ನು ಬಿಡುವುದಿಲ್ಲ. ಕೆರೆಯಲ್ಲಿ ಈ ಕೂಟ ಒದಗುವುದಿಲ್ಲವಾದುದರಿಂದ ಮೊಟ್ಟೆಗಳು ಒಳಗೇ ಕರಗಿಹೋಗುತ್ತವೆ. ಹಿಂದೆ ಹಿರಿಯರು ಕಂಡ ಮೊಳದುದ್ದದ ಮೀನುಗಳು ಕೆರೆಯಲ್ಲಿ ಹುಟ್ಟಿದವುಗಳಾಗಿರಲಾರವು. ಹಳ್ಳಕೊಳ್ಳಗಳು ಹೊಳೆಯ ಸಂಪರ್ಕದಲ್ಲಿದ್ದ ಮಳೆಗಾಲದಲ್ಲಿ ಮೇಲೇರಿ ಬಂದವು, ಇಲ್ಲವೆ ಯಾರೋ ತಂದು ಬಿಟ್ಟವು ಎಂದು ತಿಳಿಯಬೇಕು. ಹಳ್ಳಕ್ಕೆ ಅಡ್ಡಲಾಗಿ ಒಡ್ಡುಗಳೆದ್ದು ದಾರಿ ಕಟ್ಟಾದ ಮೇಲೆ ಕೆರೆಗೆ ದೊಡ್ಡ ಜಾತಿಯ ಮರಿ ತಾನಾಗಿ ಬರುವುದು ನಿಂತಿತು. ಉಳಿದವು ನಿಂತ ನೀರಿನಲ್ಲಿಯೇ ವಂಶ ಬೆಳೆಸಬಲ್ಲ ಸಣ್ಣ ಜಾತಿಗಳೂ, ಅವುಗಳನ್ನು ತಿಂದು ಬದುಕುವ ಕುಚ್ಚು ಮೀನು ಮೊದಲಾದ ಹಿಂಸ್ರ ಜಾತಿಗಳೂ ಮಾತ್ರ.

ಆದಕಾರಣ ದೊಡ್ಡ ಮೀನು ಬೇಕೆಂಬ ಊರು ವರ್ಷವರ್ಷವೂ ಮರಿಯನ್ನು ತಂದು ಬಿತ್ತತಕ್ಕದ್ದು. ಇದಕ್ಕೆ ಬೇರೆ ಉಪಾಯವಿಲ್ಲ.

ಮರಿಯನ್ನು ಎಲ್ಲಿಂದ ತರುವುದೆಂಬ ಪ್ರಶ್ನೆಗೆ ಹಿಂದಿನ ಕಾಲದಲ್ಲಿ ಸುಲಭವಾದ ಉತ್ತರವಿರಲಿಲ್ಲ. ಬಂಗಾಲದ ಜನರು ಮಳೆಗಾಲದಲ್ಲಿ ಗಂಗಾ ಮುಂತಾದ ಹೊಳೆಗಳ ದಂಡೆಯಲ್ಲಿ ಸಣ್ಣ ಕಣ್ಣಿನ ಬಲೆಗಳನ್ನೊಡ್ಡಿ, ಸೆಳವಿನಲ್ಲಿ ತೇಲಿಬರುವ ಮೊಟ್ಟೆಮರಿಗಳನ್ನು ಹಿಡಿದು ದೇಶದ ಉಳಿದ ಭಾಗಗಳಿಗೆ ಮಾರುತ್ತಿದ್ದರು. ಹೀಗೆ ಹಿಡಿದುದರಲ್ಲಿ ಒಳ್ಳೆಯ ಜಾತಿ ಎಷ್ಟು, ಹಿಂಸ್ರ ಜಾತಿ ಎಷ್ಟು ಎಂಬುದು ಮರಿ ಬೆಳೆದ ಮೇಲೆ ತಿಳಿಯುವ ಮಾತಾಗಿತ್ತು. ದೂರದ ಪ್ರಯಾಣದಲ್ಲಿ ಸತ್ತವುಗಳ ಲೆಕ್ಕ ಬೇರೆ. 1957ನೆಯ ಇಸವಿ ಜುಲೈ 10ರಂದು ಒರಿಸ್ಸಾದ ಅಂಗುಲ್ ಎಂಬಲ್ಲಿ ಹೀರಾಲಾಲ ಚೌಧುರಿಯವರು ಈ ತೊಡಕನ್ನು ಬಿಡಿಸಿದರು. ಮೀನಿನ ಮೆದುಳಿನ ಕೆಳಗೆ ಕಡಲೆಕಾಳಿಗಿಂತಲೂ ಚಿಕ್ಕದಾದ ಒಂದು ಗ್ರಂಥಿಯುಂಟು. ಅದರ ಸಾರವನ್ನು ಬಲಿತ ಗಂಡುಹೆಣ್ಣುಗಳಿಗೆ ಸೂಜಿಯಿಂದ ಚುಚ್ಚಿದರೆ, ಹೊಳೆಯ ಪ್ರವಾಹವಿಲ್ಲದೆಯೂ ಅವು ಮೊಟ್ಟೆಯಿಡುತ್ತವೆಂದು ಅವರು ಸಿದ್ಧಮಾಡಿ ತೋರಿಸಿದರು. ಈಗ ದೇಶದಲ್ಲಿ ಜುಲೈ 10ನೆಯ ದಿನವನ್ನು ಮೀನು ಕೃಷಿಕರ ದಿನವೆಂದು ಆಚರಿಸುವುದು ಈ ಕಾರಣದಿಂದಲೇ. ಈಚೆಗೆ ಗ್ರಂಥಿಯ ಸಾರಕ್ಕೆ ಬದಲಾಗಿ ರಾಸಾಯನಿಕವಾಗಿ ತಯಾರಿಸಿದ ಔಷಧವನ್ನೇ ಹೆಚ್ಚಾಗಿ ಉಪಯೋಗಿಸುತ್ತಾರೆ. ಕರ್ನಾಟಕದಲ್ಲಿ ತುಂಗಭದ್ರಾ ಅಣೆಕಟ್ಟಿನ ಬಳಿಯೂ, ಭದ್ರಾ ಅಣೆಕಟ್ಟಿನ ಬಳಿಯೂ ಇರುವ ಮರಿ ಉತ್ಪಾದನಾ ಕೇಂದ್ರಗಳು ಹೆಸರಾದವು. ಹೀಗೆ ಹುಟ್ಟಿದ ಮರಿ ಇಂಥದೇ ಜಾತಿಯದೆಂದು ಮೊದಲೇ ಗೊತ್ತಿರುವುದು ಕೆರೆಯ ಊರಿಗೆ ದೊಡ್ಡ ಲಾಭ.

ಯಾವ ಜಾತಿಗಳನ್ನು ಬಿತ್ತಬೇಕೆಂಬುದನ್ನು ಈಗ ನೋಡಬಹುದು. ಕೆರೆಯ ನೀರನ್ನು ಮೂರು ಅಂತಸ್ತಿನ ಮನೆಯೆಂದು ಭಾವಿಸಿದರೆ ವಿಷಯ ಸುಲಭವಾಗುತ್ತದೆ. ಕಾಟ್ಲಾ ಮೀನು ಮೇಲಿನ ಅಂತಸ್ತಿನದು. ದೊಡ್ಡ ತಲೆ, ಮೇಲಕ್ಕೆ ತಿರುಗಿದ ಬಾಯಿ. ನೀರಿನ ಮೇಲ್ಭಾಗದಲ್ಲಿ ತೇಲುವ, ಕಣ್ಣಿಗೆ ಕಾಣಿಸೀತೋ ಕಾಣಿಸದೋ ಎನ್ನುವಷ್ಟು ಸಣ್ಣ ಜೀವಿಗಳೇ ಅದರ ಆಹಾರ. ರೋಹು ನಡುವಣ ನೀರಿನಲ್ಲಿ ಸಂಚರಿಸುತ್ತ ಪಾಚಿ, ಕೊಳೆತ ಎಲೆ ಮೊದಲಾದುವನ್ನು ಮೇಯುತ್ತದೆ. ಮೃಗಾಲ್ ತಳದ ರಾಡಿಯಲ್ಲಿ ಕೂಡಿದ ಕೊಳೆಯನ್ನು ತಿನ್ನುತ್ತದೆ. ಈ ಮೂರೂ ಒಂದರ ಆಹಾರಕ್ಕೆ ಇನ್ನೊಂದು ಹೆಚ್ಚಾಗಿ ಕೈಹಾಕವು. ಜೋಳದ ಸಾಲಿನ ನಡುವೆ ತೊಗರಿಯ ಅಕ್ಕಡಿ ಹಾಕುವ ಒಕ್ಕಲಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಜಾತಿಯನ್ನು ತುಂಬಿದರೆ ಒಂದು ಅಂತಸ್ತು ಕಿಕ್ಕಿರಿದು, ಎರಡು ಅಂತಸ್ತು ಬರಿದಾಗಿರುತ್ತದೆ.

ಸಾಮಾನ್ಯ ಗೆಂಡೆಯೆಂಬ ವಿದೇಶದ ಮೀನೂ ಬಳಕೆಯಲ್ಲಿದೆ. ಇದು ಬೇಗ ಬೆಳೆಯುವುದು, ಎಂಥ ನೀರನ್ನಾದರೂ ತಾಳಿಕೊಳ್ಳುವುದು. ನಿಂತ ನೀರಿನಲ್ಲಿಯೂ ಜೊಂಡು ಪಾಚಿಗಳಿಗೆ ಮೊಟ್ಟೆಯನ್ನು ಅಂಟಿಸಿ ಮರಿಮಾಡುವುದು. ಚೈತ್ರಕ್ಕೆ ಬತ್ತುವ ಕೆರೆಗಳಿಗೆ ಇದು ಒಪ್ಪುತ್ತದೆ. ಆದರೆ ಹಂದಿಯಂತೆ ತಳವನ್ನು ಕೆದಕಿ ನೀರನ್ನು ಬಗ್ಗಡಮಾಡುವ ಚಾಳಿ ಅದಕ್ಕುಂಟು. ಎರೆಮಣ್ಣಿನ ಒಡ್ಡುಗಳಿರುವಲ್ಲಿ ಒಡ್ಡಿನ ಬುಡಕ್ಕೆ ಕಲ್ಲುಹಾಸು ಇಲ್ಲದಿದ್ದರೆ ಇದನ್ನು ಮಿತವಾಗಿಯೇ ಬಿಡುವುದು ಲೇಸು.

ಬಿಡಬಾರದ ಜಾತಿಗಳು ಎರಡುಂಟು. ಜಿಲೇಬಿ ಮೀನೆಂದು ಪೇಟೆಯಲ್ಲಿ ಕರೆಯುವ ತಿಲಾಪಿಯ 1952ರಲ್ಲಿ ಈ ದೇಶಕ್ಕೆ ಬಂದಿತು. ತಾಯಿಯು ಮೊಟ್ಟೆಮರಿಗಳನ್ನು ಬಾಯಲ್ಲಿಟ್ಟು ಕಾಪಾಡುವುದರಿಂದ ಮರಿ ಸಾಯುವುದು ಕಡಿಮೆ. ಎರಡು ಮೂರು ತಿಂಗಳ ವಯಸ್ಸಿಗೇ ಮರಿಹಾಕಲು ಮೊದಲುಮಾಡುತ್ತದೆ. ಎರಡು ವರ್ಷದಲ್ಲಿ ಕೆರೆಯ ತುಂಬ ಅಂಗೈಯಗಲದ ಕುಳ್ಳ ಮೀನು ತುಂಬಿ, ಉಳಿದವುಗಳಿಗೆ ಮೇವು ಸಾಲದಾಗುತ್ತದೆ. ಒಮ್ಮೆ ಹೊಕ್ಕರೆ ಕೆರೆ ಪೂರ್ತಿ ಒಣಗುವವರೆಗೂ ಅದನ್ನು ಹೊರಡಿಸುವುದು ಅಸಾಧ್ಯವೆನ್ನಬಹುದು. ಎರಡನೆಯದು ಆಫ್ರಿಕದ ಮೀಸೆಮೀನು. ಇದು ಸಿಕ್ಕಿದ ಮೀನನ್ನೆಲ್ಲ ತಿನ್ನುವ ಜಾತಿ. ಇದರ ಸಾಕಣೆಯನ್ನು ಭಾರತ ಸರ್ಕಾರವು ನಿಷೇಧಿಸಿದೆ. ಸಂತೆಯಲ್ಲಿ ಅಗ್ಗದ ಮರಿಯೆಂದು ಯಾರಾದರೂ ತಂದುಕೊಟ್ಟರೆ ಮೀಸೆಯನ್ನು ನೋಡಿಯೇ ಹಿಂದಕ್ಕೆ ಕಳಿಸಬೇಕು.

ಇನ್ನು ಮರಿಯ ಅಳತೆ. ಊರಿನವರು ಮೋಸಹೋಗುವುದು ಹೆಚ್ಚಾಗಿ ಇಲ್ಲಿಯೇ. ಮೊಟ್ಟೆಯೊಡೆದು ನಾಲ್ಕೈದು ದಿನದ ಮರಿ ಸಾಸಿವೆಯ ಎಸಳಿನಷ್ಟಿರುತ್ತದೆ. ಹದಿನೈದು ಇಪ್ಪತ್ತು ದಿನಕ್ಕೆ ಒಂದಂಗುಲವಾಗುತ್ತದೆ. ಎರಡು ಮೂರು ತಿಂಗಳು ಸಣ್ಣ ಹೊಂಡದಲ್ಲಿ ಸಾಕಿದರೆ ನಾಲ್ಕಂಗುಲದ ಬಲಿತ ಮರಿಯಾಗುತ್ತದೆ. ಅಂಗುಲದ ಮರಿ ಅಗ್ಗ, ನಾಲ್ಕಂಗುಲದ್ದು ದುಬಾರಿ. ಒಂದೇ ದುಡ್ಡಿಗೆ ಹತ್ತು ಪಾಲು ಹೆಚ್ಚು ಮರಿ ಬಂದುವೆಂದು ಊರವರು ಹಿಗ್ಗುತ್ತಾರೆ. ಕೆರೆಯಲ್ಲಿ ಕುಚ್ಚು ಮೀನು, ನೀರುಹಾವು, ಕಪ್ಪೆ, ನೀರುಕಾಗೆ, ಬಕಪಕ್ಷಿ ಇವೆಲ್ಲ ಕಾದುಕೊಂಡಿವೆಯೆಂಬುದನ್ನು ಮರೆಯುತ್ತಾರೆ.

ಲೆಕ್ಕಕ್ಕಾಗಿ ಒಂದು ಕೆರೆಯನ್ನು ತೆಗೆದುಕೊಳ್ಳಬಹುದು. ಕಾರ್ತಿಕದಲ್ಲಿ ನೀರು ನಿಂತ ವಿಸ್ತೀರ್ಣ 10 ಎಕರೆ. ಕೋಡಿ ಬಿದ್ದ ದಿನದ ವಿಸ್ತೀರ್ಣವನ್ನು ಹಿಡಿಯಬಾರದು, ಏತಕ್ಕೆಂದರೆ ಮೀನು ಬೆಳೆಯುವುದು ಉಳಿದ ನೀರಿನಲ್ಲಿ. ಬೇರೆ ಮೇವು ಹಾಕದ ಊರ ಕೆರೆಗೆ ಎಕರೆಗೆ 800 ಮರಿಯಂತೆ 8,000 ಮರಿ ಬೇಕು. ನಾಲ್ಕಂಗುಲದ ಮರಿಯನ್ನು ಬಿಟ್ಟು, ನೂರರಲ್ಲಿ 40 ಉಳಿದುವೆಂದು ಹಿಡಿದರೆ 3,200 ಮೀನು. ಒಂದೊಂದು ಸರಾಸರಿ 600 ಗ್ರಾಂ ತೂಗಿದರೆ 1,920 ಕಿಲೋಗ್ರಾಂ. ಅದೇ ಕೆರೆಗೆ ಅಂಗುಲದ ಮರಿಯನ್ನು ಬಿಟ್ಟು ನೂರರಲ್ಲಿ ಹತ್ತು ಮಾತ್ರ ಉಳಿದುವೆಂದರೆ 800 ಮೀನು. ನೀರು ಬೇಗ ಬತ್ತುವ ಕೆರೆಯಲ್ಲಿ ಅವು 600 ಗ್ರಾಂ ಮುಟ್ಟುವುದೂ ಕಷ್ಟ. ಮುಟ್ಟಿದರೂ 480 ಕಿಲೋಗ್ರಾಮಿಗೆ ಹೆಚ್ಚಿಲ್ಲ. ಅಗ್ಗದ ಮರಿಯ ಬೆಲೆ ಹೀಗೆ ಮಾಘದಲ್ಲಿ ಗೊತ್ತಾಗುತ್ತದೆ. ಕೆರೆಯ ಪಕ್ಕದಲ್ಲಿ ನಾಲ್ಕೈದು ಗುಂಟೆಯ ಹೊಂಡವೊಂದಿದ್ದರೆ ಅಂಗುಲದ ಮರಿಯನ್ನೇ ತಂದು, ಅದರಲ್ಲಿ ಎರಡು ತಿಂಗಳು ಅಕ್ಕಿತೌಡನ್ನೂ ಶೇಂಗಾ ಹಿಂಡಿಯನ್ನೂ ಹಾಕಿ ಸಾಕಿ, ಅನಂತರ ಕೆರೆಗೆ ಬಿಡಬಹುದು. ಹೊಂಡಕ್ಕೆ ನೀರು ತುಂಬುವ ಮೊದಲು ಅದನ್ನು ಒಣಗಿಸಿ, ಹಿಂಸ್ರ ಮೀನು ಒಂದೂ ಉಳಿಯದಂತೆ ನೋಡಿಕೊಳ್ಳತಕ್ಕದ್ದು.

ಬಿತ್ತುವ ಕಾಲವು ಮಘಾ ಮಳೆಯಿಂದ ಉತ್ತರೆಯವರೆಗೆ. ಮೊದಲ ಹಳ್ಳದ ನೀರು ಎರೆಮಣ್ಣಿನಿಂದ ಕದಡಿ ಬಿಸಿಲು ಒಳಗಿಳಿಯದಂತಿರುತ್ತದೆ. ಅಂಥ ನೀರಿನಲ್ಲಿ ಮೀನಿನ ಮೇವು ಹುಟ್ಟುವುದಿಲ್ಲ. ರಾಡಿ ತಳಕ್ಕೆ ಕುಳಿತು ನೀರು ಸ್ವಲ್ಪ ಹಸುರಿಗೆ ತಿರುಗಿದ ಮೇಲೆ ಮರಿಯನ್ನು ತರಬೇಕು. ಮರಿಯು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಬರುತ್ತದೆ. ಬೆಳಗಿನ ತಂಪಿನಲ್ಲಿಯಾಗಲಿ ಸಂಜೆಯಾಗಲಿ, ಚೀಲವನ್ನು ಬಿಚ್ಚದೆ ಕೆರೆಯ ನೀರಿನ ಮೇಲೆ ಕಾಲು ಗಂಟೆ ತೇಲಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಹದಕ್ಕೆ ಬಂದ ಮೇಲೆ ಬಾಯಿ ಬಿಚ್ಚಿ, ಕೆರೆಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಮರಿಗಳು ತಾವಾಗಿ ಈಜಿಹೋಗುವಂತೆ ಬಿಡಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಒಡ್ಡಿನ ಮೇಲೆ ನಿಂತು, ಪೂಜೆ ಭಾಷಣಗಳು ಮುಗಿದ ಮೇಲೆ ಚೀಲವನ್ನು ಮೇಲಿನಿಂದ ಸುರಿಯುವುದು ಕೆಲವೆಡೆ ರೂಢಿಯಾಗಿದೆ. ಆ ಮರಿಗಳಲ್ಲಿ ಎಷ್ಟು ಉಳಿದಾವೆಂಬುದನ್ನು ಯಾರೂ ಎಣಿಸುವುದಿಲ್ಲ.

ಇಷ್ಟನ್ನು ಸರಿಯಾಗಿ ಮಾಡಿದ ಊರುಗಳಲ್ಲಿಯೂ ಬೆಳೆ ಕೈಗೆ ಹತ್ತದೆ ಹೋಗುವುದುಂಟು. ಅದು ಕೊನೆಯ ನೀರಿನ ಜಗಳದಿಂದ. ಕೆರೆಯ ಕೆಳಗೆ ಜಮೀನುಳ್ಳವರಿಗೆ ಹಿಂಗಾರಿ ಬೆಳೆಯ ಕಡೆಯ ನೀರು ಬೇಕು. ತೂಬನ್ನು ಎತ್ತಿದರೆ ಮೂರು ದಿನದಲ್ಲಿ ಕೆರೆಯಲ್ಲಿ ಮೊಣಕಾಲುದ್ದದ ನೀರು ಉಳಿಯುತ್ತದೆ. ಆ ನೀರು ಹಗಲು ಕಾಯ್ದು, ರಾತ್ರಿ ಉಸಿರಿಗೆ ಸಾಲದೆ, ಮೀನು ಒಂದೇ ಬೆಳಗಿನಲ್ಲಿ ತೇಲುತ್ತದೆ. ಮೀನನ್ನು ಗುತ್ತಿಗೆ ಹಿಡಿದವನು ತೂಬಿನ ಬಳಿ ರಾತ್ರಿ ಕಾವಲು ಕೂರುತ್ತಾನೆ. ಜಮೀನಿನವನು ಹಾರೆ ಹಿಡಿದು ಬರುತ್ತಾನೆ. ತಲೆ ಒಡೆದ ಪ್ರಸಂಗಗಳೂ ಇಲ್ಲದಿಲ್ಲ. ನ್ಯಾಯವಾಗಿ ನೋಡಿದರೆ ಕೆರೆ ಕಟ್ಟಿದ್ದು ಬೆಳೆಯ ನೀರಿಗಾಗಿ. ಮೀನಿನ ಸಲುವಾಗಿ ಪೈರು ಒಣಗಬಾರದು. ಹಾಗೆಂದು ಸಾವಿರಾರು ರೂಪಾಯಿಯ ಮರಿಯನ್ನು ಬಿತ್ತಿದ ಮೇಲೆ ಒಂದು ವಾರದ ತಾಳ್ಮೆಯಿಲ್ಲದೆ ಅದನ್ನು ಕೊಳೆಹಾಕುವುದೂ ಜಾಣತನವಲ್ಲ.

ಇದಕ್ಕೆ ಎರಡು ಪರಿಹಾರಗಳುಂಟು. ಒಂದನೆಯದು ಕೆರೆಯಂಗಳದಲ್ಲಿ, ತೂಬಿನ ಮಟ್ಟಕ್ಕಿಂತ ತಗ್ಗಾಗಿ, ಆಳವಾದ ಒಂದು ಗುಂಡಿಯನ್ನು ತೆಗೆಯುವುದು. ತೂಬು ಪೂರ್ತಿ ತೆರೆದರೂ ಅದಕ್ಕಿಂತ ಕೆಳಗಿನ ನೀರು ಹರಿದುಹೋಗಲಾರದು. 10 ಎಕರೆಯ ಕೆರೆಗೆ ಅರ್ಧ ಎಕರೆಯಷ್ಟು ಗುಂಡಿ ಆಳುದ್ದ ಇದ್ದರೆ ಮೀನಿಗೆ ಆಸರೆಯಾಗುತ್ತದೆ. ಬೇಸಗೆಯಲ್ಲಿ ದನಕರುಗಳಿಗೂ ನೀರು ದೊರೆಯುತ್ತದೆ. ತೆಗೆದ ಹೂಳುಮಣ್ಣನ್ನು ಬಂಡಿಗಳಲ್ಲಿ ಹೊಲಕ್ಕೆ ಸಾಗಿಸಿದರೆ ಮಸಬು ಭೂಮಿಗೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಒಡ್ಡಿನ ಬುಡದಿಂದ ದೂರವಾಗಿ ತೋಡಬೇಕೆಂಬುದನ್ನು ಮಾತ್ರ ಮರೆಯಬಾರದು. ಬುಡದಲ್ಲಿಯೇ ತೋಡಿದರೆ ಒಡ್ಡು ಜರಿಯುವುದು. ಎರಡನೆಯ ಪರಿಹಾರವು ಕಾಗದದ ಮೇಲಿನದು. ಗುತ್ತಿಗೆ ಕೊಡುವಾಗಲೇ ಜಮೀನುದಾರರನ್ನೂ ಮೀನುಗಾರರನ್ನೂ ಪಂಚಾಯತಿಯಲ್ಲಿ ಕೂರಿಸಿ, ಕಡೆಯ ನೀರನ್ನು ಬಿಡುವ ತಾರೀಖನ್ನು ಬರೆದಿಡತಕ್ಕದ್ದು. ಆ ದಿನಕ್ಕೆ ಹತ್ತು ದಿನ ಮೊದಲೇ ಬಲೆಯವರಿಗೆ ತಿಳಿಸಬೇಕು. ಬಲೆಯವರೂ ಸಂಕ್ರಾಂತಿಯಿಂದಲೇ ದೊಡ್ಡವುಗಳನ್ನು ಆಯ್ದು ಆಯ್ದು ಹಿಡಿಯುತ್ತ ಬಂದರೆ ಕೊನೆಯಲ್ಲಿ ಎಲ್ಲ ಮೀನೂ ಒಂದೇ ದಿನ ಸಂತೆಗೆ ಬಂದು ಬೆಲೆ ಕುಸಿಯುವುದೂ ತಪ್ಪುತ್ತದೆ. ಹೀಗೆ ಬರೆದಿಟ್ಟುಕೊಂಡ ಊರಿನಲ್ಲಿ ರಾತ್ರಿ ತೂಬಿನ ಕಾವಲು ಬೇಕಾಗುವುದಿಲ್ಲ.

ಕೋಡಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಕೋಡಿ ಬಿದ್ದಾಗ ಮೀನು ಪ್ರವಾಹಕ್ಕೆ ಎದುರಾಗಿಯೂ ಜೊತೆಯಾಗಿಯೂ ಹೊರಟುಹೋಗುವುದರಿಂದ ಅಲ್ಲಿ ಜಾಲರಿ ಕಟ್ಟುವುದುಂಟು. ಸಣ್ಣ ಕಣ್ಣಿನ ಜಾಲರಿಗೆ ಕಸಕಡ್ಡಿ, ಜೊಂಡು ಸಿಕ್ಕಿಕೊಂಡು ಕೋಡಿ ಕಟ್ಟಿದರೆ ನೀರು ಒಡ್ಡಿನ ಮೇಲೇರಿ ಒಡ್ಡೇ ಕಿತ್ತುಹೋಗುತ್ತದೆ. 2019ರ ಆಗಸ್ಟಿನ ಮಳೆಯಲ್ಲಿ ಮಲಪ್ರಭೆಯು ರಾಮದುರ್ಗದವರೆಗೂ ಊರುಗಳನ್ನು ಹೊಕ್ಕುದನ್ನು ಈ ಸೀಮೆಯವರು ಮರೆತಿಲ್ಲ. ಅಂಥ ಮಳೆಯ ಮುನ್ಸೂಚನೆ ಬಂದಾಗ ಜಾಲರಿಯನ್ನು ಕಿತ್ತೆಸೆಯಬೇಕು. ಮೀನು ಹೋದರೆ ಮುಂದಿನ ವರ್ಷ ಬಿತ್ತಬಹುದು. ಒಡ್ಡು ಹೋದರೆ ಕೆಳಗಿನ ಜಮೀನೂ ಊರೂ ಹೋಗುತ್ತವೆ. ಜಾಲರಿಯ ಕಣ್ಣು ಅಂಗುಲಕ್ಕಿಂತ ಸಣ್ಣದಾಗಿರಬಾರದು, ಕಸವನ್ನು ದಿನವೂ ಬಿಡಿಸಲು ಒಬ್ಬ ಆಳನ್ನು ಗೊತ್ತುಮಾಡಿರಬೇಕು.

ಮೋಡ ಮುಚ್ಚಿಕೊಂಡ ನಾಲ್ಕೈದು ದಿನಗಳಾದ ಮೇಲೆ ಬೆಳಗಿನ ಜಾವದಲ್ಲಿ ಮೀನುಗಳು ನೀರಿನ ಮೇಲ್ಗಡೆ ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದರೆ ಅದು ಕೇಡಿನ ಗುರುತು. ಯಾರೋ ವಿಷ ಹಾಕಿದರೆಂದು ಊರಿನಲ್ಲಿ ಗುಲ್ಲೇಳುವುದು ಇಂಥ ಹೊತ್ತಿನಲ್ಲಿಯೇ. ನಿಜವಾಗಿ ಆಗುವುದಿಷ್ಟು: ಹಸುರು ಪಾಚಿಯು ಬಿಸಿಲಿನಲ್ಲಿ ಆಮ್ಲಜನಕವನ್ನು ಬಿಡುತ್ತದೆ, ರಾತ್ರಿಯಲ್ಲಿ ತಾನೇ ಅದನ್ನು ಸೇವಿಸುತ್ತದೆ. ಬಿಸಿಲಿಲ್ಲದ ದಿನಗಳಲ್ಲಿ ಗಳಿಕೆ ಕಡಿಮೆಯಾಗಿ ಖರ್ಚು ಹಾಗೆಯೇ ನಿಂತು, ಸೂರ್ಯೋದಯದ ಹೊತ್ತಿಗೆ ಸಂಚಿ ಬರಿದಾಗಿರುತ್ತದೆ. ಆಗ ಸಗಣಿ ಗೊಬ್ಬರವೇನಾದರೂ ಕೆರೆಗೆ ಬೀಳುತ್ತಿದ್ದರೆ ನಿಲ್ಲಿಸಬೇಕು. ಹೊಸ ನೀರನ್ನು ಹಾಯಿಸಲು ಅನುಕೂಲವಿದ್ದರೆ ಹಾಯಿಸಬೇಕು, ಇಲ್ಲದಿದ್ದರೆ ಪಂಪಿನಿಂದ ಕೆರೆಯ ನೀರನ್ನೇ ಎತ್ತಿ ಗಾಳಿಯಲ್ಲಿ ಚಿಮುಕಿಸಿ ಮತ್ತೆ ಕೆರೆಗೇ ಬೀಳಿಸಬೇಕು. ಪುಂಡಿಯ ಕಟ್ಟುಗಳನ್ನು ನಾರಿಗಾಗಿ ಕೆರೆಯಲ್ಲಿ ಕೊಳೆಹಾಕಿದರೂ ಇದೇ ಗತಿ. ಕೊಳೆಯುವ ದಂಟು ನೀರಿನ ಉಸಿರನ್ನೆಲ್ಲ ಹೀರುತ್ತದೆ. ಅದಕ್ಕೆ ಬೇರೆ ಗುಂಡಿ ಬೇಕು.

ನಿಜವಾದ ವಿಷವು ಬರುವುದು ಹತ್ತಿಯ ಹೊಲಗಳಿಂದ. ಕೀಟಕ್ಕೆ ಹೊಡೆಯುವ ಔಷಧಗಳಲ್ಲಿ ಕೆಲವು ಮನುಷ್ಯನಿಗಿಂತ ಮೀನಿಗೆ ಬಹಳ ಹೆಚ್ಚು ಮಾರಕ. ಎಂಡೋಸಲ್ಫಾನ್ ಅಂಥದೊಂದಾಗಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸಿತು. ಈಗ ಬಳಕೆಯಲ್ಲಿರುವ ಪೈರಿಥ್ರಾಯ್ಡ್ ಜಾತಿಯ ಔಷಧಗಳೂ ಮೀನಿನ ಮಟ್ಟಿಗೆ ಸೌಮ್ಯವಲ್ಲ. ಸಿಂಪಡಿಸುವ ಯಂತ್ರವನ್ನೂ ಖಾಲಿ ಡಬ್ಬಿಯನ್ನೂ ಕೆರೆಯಲ್ಲಿ ತೊಳೆಯುವ ಆಳು ಒಂದು ಗಳಿಗೆಯಲ್ಲಿ ಊರಿನ ವರ್ಷದ ಬೆಳೆಯನ್ನು ಕೊಲ್ಲಬಲ್ಲನು. ಆಳನ್ನು ಬೈದು ಪ್ರಯೋಜನವಿಲ್ಲ. ಹೊಲದಲ್ಲಿಯೇ ತೊಳೆಯಲು ನೀರಿನ ಅನುಕೂಲ ಮಾಡಿಕೊಡುವುದು ಜಮೀನಿನ ಯಜಮಾನನ ಕೆಲಸ.

ಈ ಸೀಮೆಯಲ್ಲಿ ಮೀನು ಮುಟ್ಟದ ಮನೆತನಗಳು ಬಹಳ. ತಮಗೆ ಬೇಡವಾದ ಪದಾರ್ಥದ ವಿಚಾರ ತಮಗೇಕೆಂದು ಅವರು ಕೇಳಬಹುದು. ತಿನ್ನುವವರು ತಿನ್ನಲಿ, ಬಿಡುವವರು ಬಿಡಲಿ. ಆದರೆ ಕೆರೆಯು ಊರಿನ ಆಸ್ತಿ. ಅದರ ಗುತ್ತಿಗೆಯ ಹಣ ಪಂಚಾಯತಿಗೆ ಬರತಕ್ಕದ್ದು, ಆ ಹಣದಿಂದ ಒಡ್ಡಿನ ಜಾಲಿ ಕಡಿಸಬಹುದು, ತೂಬನ್ನು ದುರಸ್ತಿ ಮಾಡಿಸಬಹುದು. ಇದಲ್ಲದೆ ಊರಿನ ಅಂಬಿಗರು, ಭೋಯಿಗಳು ಮೊದಲಾದ ಹರಗೋಲು ಬಲೆಗಳನ್ನೇ ನಂಬಿದ ಮನೆಗಳು ಈ ನೀರಿನ ಮೇಲೆ ಬದುಕುತ್ತವೆ. ವಚನ ಹೇಳಿದ ಅಂಬಿಗರ ಚೌಡಯ್ಯನ ಕುಲದವರೆಂದು ಹೆಮ್ಮೆಪಡುವ ಈ ಜನಕ್ಕೆ ಹೊಲವಿರುವುದು ಅಪರೂಪ. ಸಣ್ಣ ಕೆರೆಗಳ ಮೀನಿನ ಹಕ್ಕು ಗ್ರಾಮ ಪಂಚಾಯತಿಯ ಕೈಯಲ್ಲಿಯೂ ದೊಡ್ಡವುಗಳದು ಮೀನುಗಾರಿಕೆ ಇಲಾಖೆಯ ಕೈಯಲ್ಲಿಯೂ ಇದೆ. ಪಂಚಾಯತಿಯು ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ಒಂದೇ ವರ್ಷದ ಮಟ್ಟಿಗೆ ಕೆರೆಯನ್ನು ಕೊಟ್ಟರೆ ಮೊದಲ ವರ್ಷ ಹಣ ಹೆಚ್ಚು ಬಂದೀತು. ಆದರೆ ಒಂದು ವರ್ಷದವನು ಒಳ್ಳೆಯ ಮರಿಯನ್ನೇಕೆ ತರುವನು? ಗುಂಡಿಯನ್ನೇಕೆ ತೋಡುವನು? ಅವಧಿಯ ಕೊನೆಯ ತಿಂಗಳಿನಲ್ಲಿ ಸೊಳ್ಳೆ ಪರದೆಯಂಥ ಬಲೆಯಿಂದ ಕೆರೆಯನ್ನು ಬಳಿದುಕೊಂಡು ಹೋಗುವನು. ನಾಲ್ಕೈದು ವರ್ಷದ ಅವಧಿಗೆ ಊರಿನ ಮೀನುಗಾರರ ಸಹಕಾರ ಸಂಘಕ್ಕೆ ಕೊಡುವುದರಲ್ಲಿ ಮೊದಲ ವರ್ಷದ ಹಣ ಕಡಿಮೆಯಾದರೂ ಕೆರೆ ಉಳಿಯುತ್ತದೆ.

ಕೆರೆಯಿಲ್ಲದೆ ಹೊಳೆಯ ದಂಡೆಯಲ್ಲಿರುವ ಊರುಗಳ ಮಾತು ಬೇರೆ. ಅವು ಬಿತ್ತಬೇಕಾಗಿಲ್ಲ, ಕಾಯಬೇಕು. ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸಂಗೊಳ್ಳಿಯ ದಂಡೆಯನ್ನು ತಾಗಿ, ಸವದತ್ತಿಯ ಬಳಿ ನವಿಲುತೀರ್ಥದ ಕಣಿವೆಯನ್ನು ಸೀಳಿಕೊಂಡು, ರಾಮದುರ್ಗವನ್ನು ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ರಾಮದುರ್ಗವು 1948ರವರೆಗೆ ಬೇರೆ ಸಂಸ್ಥಾನ, ಬೈಲಹೊಂಗಲ ಸವದತ್ತಿಗಳು ಮುಂಬಯಿ ಇಲಾಖೆಗೆ ಸೇರಿದುವು. ಮೀನಿಗೆ ಆ ಗಡಿ ಯಾವ ಕಾಲಕ್ಕೂ ತಿಳಿದಿರಲಿಲ್ಲ. ನವಿಲುತೀರ್ಥದಲ್ಲಿ 1972ರ ಹೊತ್ತಿಗೆ ಅಣೆಕಟ್ಟು ಎದ್ದು ರೇಣುಕಾಸಾಗರವಾಯಿತು. ಪೂರ್ಣಮಟ್ಟ 2,079.50 ಅಡಿ, ಹಿಡಿಯುವ ನೀರು ಸುಮಾರು 37.73 ಟಿಎಂಸಿ. ಅಂದಿನಿಂದ ಕೆಳಗಿನ ಹೊಳೆಯ ಮೀನು ಮೇಲೇರಲಾರದು. ಜಲಾಶಯದ ಮೀನಿಗೆ ಮೇಲುಗಡೆಯ ಹೊಳೆಯೊಂದೇ ಹರಿಯುವ ನೀರು.

ಸಂಗೊಳ್ಳಿಯೂ ಅದರ ಸುತ್ತಣ ದಂಡೆಯ ಊರುಗಳೂ ಆ ಮೇಲುಗಡೆಯಲ್ಲಿವೆ. ಮೃಗಶಿರಾ ಆರಿದ್ರಾ ಮಳೆಗಳ ಕೆಂಪುನೀರು ಬಂದಾಗ ಮೊಟ್ಟೆ ತುಂಬಿದ ಮೀನುಗಳು ಸೆಳವಿಗೆ ಎದುರಾಗಿ ಹೊಳೆಯನ್ನೂ ಹಳ್ಳಗಳ ಬಾಯನ್ನೂ ಏರುತ್ತವೆ. ತೆಳುನೀರಿನಲ್ಲಿ ಬೆನ್ನು ಕಾಣಿಸುತ್ತಿರುವ ಅವುಗಳನ್ನು ಕೋಲಿನಿಂದ ಬಡಿಯುವುದೂ ಕೈಯಿಂದ ಬಾಚುವುದೂ ಹುಡುಗರಿಗೆ ಹಬ್ಬ. ಹಳ್ಳದ ಬಾಯಿಗೆ ಅಡ್ಡವಾಗಿ ಬಲೆ ಕಟ್ಟುವ ದೊಡ್ಡವರೂ ಉಂಟು. ಆ ದಿನ ಬುಟ್ಟಿಗೆ ಬಿದ್ದ ಒಂದೊಂದು ಹೆಣ್ಣೂ ಬೀಜದ ಕಾಳಿನ ಚೀಲವಿದ್ದಂತೆ. ಬರಗಾಲದಲ್ಲಿಯೂ ಬೀಜದ ಜೋಳವನ್ನು ಬೀಸದ ಒಕ್ಕಲಿಗನು ಹಳ್ಳದ ಬಾಯಲ್ಲಿ ಇದನ್ನು ನೋಡುತ್ತ ನಿಲ್ಲುವುದು ಆಶ್ಚರ್ಯ. ಮುಂಗಾರಿನ ಎರಡು ತಿಂಗಳು ಹಳ್ಳದ ಬಾಯಿಗಳಲ್ಲಿ ಬಲೆ ಕಟ್ಟಬಾರದೆಂದು ಊರಿನ ಗೌಡರೂ ಪಂಚರೂ ಡಂಗುರ ಹೊಡೆಸಿದರೆ ಅದಕ್ಕೆ ತಗಲುವ ಖರ್ಚು ಡಂಗುರದ್ದೇ. ದೇವರ ಮಡುವೆಂದು ಮೀನು ಹಿಡಿಯದೆ ಬಿಟ್ಟ ಕಡೆಗಳಲ್ಲಿ ಏನಾಗುವುದೆಂಬುದಕ್ಕೆ ಶೃಂಗೇರಿಯ ತುಂಗೆ, ಶಿಶಿಲದ ಕಪಿಲೆ, ರಾಮನಾಥಪುರದ ಕಾವೇರಿ ಸಾಕ್ಷಿಯಾಗಿವೆ. ಅಲ್ಲಿ ಮೊಳದುದ್ದದ ಮೀನುಗಳು ಭಕ್ತರ ಕೈಯಿಂದ ಪುರಿ ತಿನ್ನಲು ಮೆಟ್ಟಿಲಿನವರೆಗೆ ಬರುತ್ತವೆ.

ಸಿಡಿಮದ್ದು ಎಸೆಯುವುದನ್ನೂ, ವಿಷ ಸುಣ್ಣಗಳನ್ನು ನೀರಿಗೆ ಹಾಕುವುದನ್ನೂ 1897ರ ಮೀನುಗಾರಿಕೆಯ ಕಾಯಿದೆಯೇ ಅಪರಾಧವೆಂದು ವಿಧಿಸಿತು. ಇಂದಿಗೂ ಅವು ಅಪರಾಧಗಳೇ. ಕಳ್ಳಿಯ ಹಾಲು, ಬ್ಲೀಚಿಂಗ್ ಪುಡಿ, ಪಂಪಿನ ತಂತಿಯಿಂದ ಹೊಳೆಗೆ ವಿದ್ಯುತ್ತು ಹಾಯಿಸುವುದು, ಇವೆಲ್ಲ ಹಿಡಿದ ಮೀನಿಗಿಂತ ಹತ್ತು ಪಾಲು ಮರಿಯನ್ನು ಕೊಲ್ಲುತ್ತವೆ. ವಿದ್ಯುತ್ತಿನಿಂದ ಹಿಡಿಯಲು ಹೋದವರೇ ಸತ್ತದ್ದೂ ಉಂಟು. ಇಂಥದನ್ನು ಕಂಡ ಊರಿನ ಹಿರಿಯರು ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಗೂ ಪೋಲೀಸು ಠಾಣೆಗೂ ತಿಳಿಸತಕ್ಕದ್ದು.

ಕೆರೆಗೆ ಮರಿ ಬೇಕಾದ ಪಂಚಾಯತಿಗಳು ಕಾರ್ತಿಕದಲ್ಲಿ ನಿಲ್ಲುವ ನೀರಿನ ವಿಸ್ತೀರ್ಣ, ನೀರು ಇರುವ ತಿಂಗಳುಗಳು, ತೂಬಿನ ಕೆಳಗೆ ಉಳಿಯುವ ಆಳ, ಈ ಮೂರನ್ನೂ ಬರೆದು, ಬೇಡಿಕೆಯ ಅರ್ಜಿಯನ್ನು ರೋಹಿಣಿ ಮಳೆಯೊಳಗಾಗಿ ತಾಲೂಕಿನ ಮೀನುಗಾರಿಕೆ ಕಚೇರಿಗೆ ಕೊಡಬೇಕು. ಮಘೆಯಲ್ಲಿ ಕೇಳಹೋದವರಿಗೆ ಉಳಿದಿರುವುದು ಅಂಗುಲದ ಮರಿಯೇ.